ಹೆಸರು ಅಳಿಸಿಹೋದ ಕೇಬಲ್

ನಾನು ಒಂದು ನೀಲಿ ನೆಟ್‌ವರ್ಕ್ ಕೇಬಲ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬಾಳಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ. ಕೇಬಲ್ ಹಾಕುವ ಮೌಲಾಸಾಬರು ನನ್ನನ್ನು ಛಾವಣಿಯೊಳಗೆ ಎಳೆದು, ಒಂದು ತುದಿಯನ್ನು ವಾರ್ಡಿನ ಪ್ರಿಂಟರಿಗೂ ಇನ್ನೊಂದನ್ನು ಕೆಳಮಹಡಿಯಲ್ಲಿ ಎಲ್ಲ ಕೇಬಲ್‌ಗಳು ಬಂದು ಸೇರುವ ಕಬ್ಬಿಣದ ರ‍್ಯಾಕಿಗೂ ಮುಟ್ಟಿಸಿದರು. ಎರಡೂ ಕಡೆ ಚೀಟಿ ಅಂಟಿಸಿ, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆಂಬ ನಕ್ಷೆಯನ್ನು ರ‍್ಯಾಕಿನ ಬಾಗಿಲಿಗೆ ಹಚ್ಚಿದರು.

"ಚೀಟಿ ಇಲ್ಲದ ಕೇಬಲ್ ಅಂದ್ರ ಬರೀ ಹಗ್ಗ ನೋಡು ತಮ್ಮಾ. ನಾಳೆ ಯಾರರ ಕಿತ್ರ ತಿಳಿಯೂದಽ ಇಲ್ಲ," ಎಂದು ಕಂಪ್ಯೂಟರ್ ನೋಡಿಕೊಳ್ಳುವ ವಿರೂಪಾಕ್ಷಿಗೆ ಹೇಳಿದರು. ಅವನು ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಲ್ಯಾಬಿನ ಮಹಾದೇವಿ ಕಳಿಸುವ ರಕ್ತಪರೀಕ್ಷೆಯ ವರದಿಗಳೆಲ್ಲ ನನ್ನ ಮೂಲಕವೇ ವಾರ್ಡು ಸೇರುತ್ತಿದ್ದವು.

ಆಯುಧಪೂಜೆ ಬಂತು. ವಿರೂಪಾಕ್ಷಿ ಒದ್ದೆ ಬಟ್ಟೆಯಲ್ಲಿ ರ‍್ಯಾಕನ್ನು ತಿಕ್ಕಿ ತಿಕ್ಕಿ ಒರೆಸಿದ. ಚೀಟಿಗಳು ನೆನೆದು ಉದುರಿದವು. ನಕ್ಷೆ ಕಿತ್ತು ಅಲ್ಲಿ ಲಕ್ಷ್ಮಿಯ ಪಟ ಅಂಟಿಸಿದ. ನಮಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ನಿಜ ಹೇಳುತ್ತೇನೆ, ಹೆಸರು ಹೋಯಿತೆಂದು ನಾನು ಒಂದಿಷ್ಟೂ ಮರುಗಲಿಲ್ಲ, ಹಿಗ್ಗಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮುಂದಿನ ವಾರ ಹೊಸ ಕ್ಯಾಮೆರಾದ ಕೇಬಲ್ಲಿಗೆ ರ‍್ಯಾಕಿನಲ್ಲಿ ಜಾಗ ಬೇಕಾಯಿತು. ಯಾವುದು ಎಲ್ಲಿಯದೆಂದು ತಿಳಿಯದೆ ವಿರೂಪಾಕ್ಷಿ ಅಂದಾಜಿನ ಮೇಲೆ ನನ್ನನ್ನು ಕಿತ್ತ.

ಅಂದೇ ಮಧ್ಯಾಹ್ನ ವಾರ್ಡಿನ ಒಬ್ಬ ಅಜ್ಜಿಯ ರಕ್ತದಲ್ಲಿ ಪೊಟ್ಯಾಸಿಯಂ ಹೃದಯಕ್ಕೆ ಅಪಾಯವಾಗುವಷ್ಟು ಏರಿತ್ತು. ಮಹಾದೇವಿ ಕೂಡಲೇ ವರದಿ ಕಳಿಸಿದಳು. ಪ್ರಿಂಟರಿನಿಂದ ಕಾಗದ ಹೊರಬರಲಿಲ್ಲ. ಸಂಜೆಯ ಹೊತ್ತಿಗೆ ಅಜ್ಜಿಯನ್ನು ಐಸಿಯುಗೆ ಒಯ್ದರು. ಜೀವ ಉಳಿದದ್ದೇ ದೊಡ್ಡದು.

"ಕಳಿಸಿದ್ರ ಎಲ್ಲಿ ಹೋತು?" ದೊಡ್ಡ ಡಾಕ್ಟರು ಮಹಾದೇವಿಯನ್ನು ಕೇಳಿದರು.

"ಗೊತ್ತಿಲ್ರಿ ಸರ್. ನಾ ಅಂತೂ ಕಳಿಸೀನ್ರಿ."

"ನಾಳಿಂದ ಬರಬ್ಯಾಡ."

ಮರುದಿನ ಪ್ರಿಂಟರ್ ಯಾಕೆ ಕೆಟ್ಟಿದೆಯೆಂದು ಹುಡುಕುತ್ತಾ ವಿರೂಪಾಕ್ಷಿ, ನೇತಾಡುತ್ತಿದ್ದ ನನ್ನ ತುದಿಯನ್ನು ಕಂಡ. ಮತ್ತೆ ಸಿಕ್ಕಿಸಿ ಮೇಲೆ ಓಡಿದ. ತಡೆದು ನಿಂತಿದ್ದ ವರದಿ ಹಿಂದಿನ ದಿನದ ತಾರೀಖು, ವೇಳೆ ಸಮೇತ ಆಗ ಹೊರಬಿದ್ದಿತ್ತು. ಅದನ್ನು ಹಿಡಿದು ಡಾಕ್ಟರ ಬಾಗಿಲವರೆಗೂ ಹೋದ. ಒಳಗೆ ಮಹಾದೇವಿ ಲ್ಯಾಬಿನ ಕೀಲಿಕೈ ಒಪ್ಪಿಸುತ್ತಿದ್ದಳು. ಅವನು ಹಿಂದಿರುಗಿ ಬಂದು ಕಾಗದವನ್ನು ಚೂರುಚೂರು ಹರಿದ. ಬಾಯಿಲ್ಲದ ನಾನೂ, ಬಾಯಿದ್ದ ಅವನೂ ಸುಮ್ಮನಿದ್ದೆವು.

ಆರು ವರ್ಷ ಕಳೆದವು. ಈಗ ಹೊಸ ಕೇಬಲ್‌ಗಳು ಬಂದಿವೆ, ನಾನು ಸ್ಟೋರಿನ ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿದ್ದೇನೆ. ಇವತ್ತು ಮೌಲಾಸಾಬರು ನನ್ನನ್ನು ಎತ್ತಿಕೊಂಡು, "ಇದು ಎಲ್ಲೀದಪಾ?" ಎಂದರು.

ವಿರೂಪಾಕ್ಷಿ ನೆಲದ ಮೇಲೆ ಕೂತ. ಎಲ್ಲವನ್ನೂ ಹೇಳಿಬಿಟ್ಟ.

ಮೌಲಾಸಾಬರು ಬಯ್ಯಲಿಲ್ಲ. "ನನಗ್ಯಾಕ ಹೇಳ್ತಿ? ಮಹಾದೇವಿ ಮನಿ ಗೊತ್ತೈತಲ್ಲ, ಅಲ್ಲಿ ಹೋಗಿ ಹೇಳು," ಎಂದು ನನ್ನನ್ನು ಕೆಳಗಿಟ್ಟು ಹೊರಟುಹೋದರು.

ಆಗಲೇ ಒಂದು ತಾಸಾಯಿತು. ವಿರೂಪಾಕ್ಷಿ ಇನ್ನೂ ನನ್ನ ಪಕ್ಕದಲ್ಲೇ ಕೂತಿದ್ದಾನೆ.