ಅಕಾಯಿತಿಯ ಟೋಪಿಗೆ ಮೂವತ್ತೆರಡು ಸುತ್ತು

ಕೈಗೆ ಕಟ್ಟಿಕೊಂಡರೆ ಆಕಾಶದ ಉಪಗ್ರಹವನ್ನು ಕೇಳಿ ದೂರ ಹೇಳುವ ಗಡಿಯಾರಕ್ಕೆ ಆರುನೂರು ಡಾಲರು. ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸುವ ಪುಟ್ಟ ಮೀಟರಿಗೆ, ಚಕ್ರದ ಕಡ್ಡಿಗೆ ಕಟ್ಟುವ ಅಯಸ್ಕಾಂತವೂ ಸೇರಿ, ಇಪ್ಪತ್ತೈದು. ಫೋನಿನ ಆ್ಯಪ್ ಪುಕ್ಕಟೆ, ಆದರೆ ಹಳೆಯ ಫೋನಾದರೆ ಅರ್ಧ ದಾರಿಯಲ್ಲೇ ಬ್ಯಾಟರಿ ಕೈಕೊಡುತ್ತದೆ. ತೆಂಗಿನ ಎಳೆಗರಿಗೆ ಬೆಲೆಯಿಲ್ಲ, ಮರ ಹತ್ತುವವರು ಬೇಕು ಅಷ್ಟೆ.

ನಾನು ಅರೊರಂಗಿ ಹಳ್ಳಿಯಲ್ಲಿ ಪ್ರವಾಸಿಗಳಿಗೆ ಸೈಕಲ್ ಬಾಡಿಗೆಗೆ ಕೊಡುವವಳು. ಹಾಗಾಗಿ ಈ ದರಗಳೆಲ್ಲ ನನಗೆ ಬಾಯಿಪಾಠ. ಹೊಸದಾಗಿ ಸೈಕಲ್ ಹತ್ತಿದವರು ಮೊದಲು ಕೇಳುವುದು ಬ್ರೇಕಿನ ವಿಷಯವಲ್ಲ, ಎಷ್ಟು ದೂರ ತುಳಿದೆವೆಂದು ತಿಳಿಯುವುದು ಹೇಗೆ ಎಂದು. ದೂರ ಗೊತ್ತಾಗದಿದ್ದರೆ ಸುರಿಸಿದ ಬೆವರು ದಂಡವೆಂದೇ ಎಲ್ಲರ ಭಾವನೆ. ಇಪ್ಪತ್ತೈದು ಡಾಲರಿನ ಮೀಟರೇ ಸಾಕು ಎನ್ನುತ್ತೇನೆ. ಟೈರಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಚಕ್ರವನ್ನು ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಎಷ್ಟು ಉದ್ದ ಬಂತೆಂದು ಅಳೆದು ಆ ಅಂಕಿಯನ್ನು ಮೀಟರಿಗೆ ಕೊಡಬೇಕು. ನಮ್ಮ ಪಕ್ಕದ ಮನೆಯವನು ಅಳೆಯುವ ಗೋಜಿಗೆ ಹೋಗದೆ ಮನಸ್ಸಿಗೆ ಬಂದ ಅಂಕಿ ಕೊಟ್ಟ. ಚರ್ಚಿಗೆ ಹೋಗಿ ಬರುವಷ್ಟರಲ್ಲಿ ಎಂಬತ್ತು ಕಿಲೋಮೀಟರ್ ಆಗಿತ್ತು. ಆ ಭಾನುವಾರವೆಲ್ಲ ಅವನು ಕಾಲು ನೋವೆಂದು ಮಲಗಿದ್ದ.

ನಮ್ಮ ರಾರೊಟೊಂಗಾ ದ್ವೀಪದ ದೊಡ್ಡ ರಸ್ತೆ ಒಂದೇ. ಬೆಟ್ಟವನ್ನು ನಡುವೆ ಬಿಟ್ಟು, ಸಮುದ್ರದ ಅಂಚು ಹಿಡಿದು ಸುತ್ತಿ ಬಂದು ತನ್ನನ್ನೇ ಸೇರಿಕೊಳ್ಳುತ್ತದೆ. ಒಟ್ಟು ಮೂವತ್ತೆರಡು ಕಿಲೋಮೀಟರು. ಬಸ್ಸುಗಳಿಗೂ ಎರಡೇ ಹೆಸರು, ಗಡಿಯಾರದ ಮುಳ್ಳಿನಂತೆ ಹೋಗುವುದು ಬಲಸುತ್ತು, ಅದಕ್ಕೆ ಎದುರಾಗಿ ಹೋಗುವುದು ಎಡಸುತ್ತು. ಯಾವ ಕಡೆ ಹೊರಟರೂ ತಾಳ್ಮೆಯಿದ್ದರೆ ಮನೆಗೇ ಬರುತ್ತೀರಿ.

ಕಳೆದ ವರ್ಷ ನರ್ಸ್ ಬಂದು ಹಳ್ಳಿಯವರ ಬೆರಳು ಚುಚ್ಚಿ ಸಕ್ಕರೆಯ ಅಂಕಿಗಳನ್ನು ಓದಿದಾಗ ನಮಗೆಲ್ಲ ಗಾಬರಿಯಾಯಿತು. ಪಕ್ಕದ ಮನೆಗೂ ಸ್ಕೂಟರಿನಲ್ಲಿ ಹೋಗುವ ಜನ ನಾವು. ಕೂಡಲೇ ಸೈಕಲ್ ಸಮಿತಿಯೊಂದು ಹುಟ್ಟಿತು. ಅಂಗಿಯ ಬಣ್ಣ ಯಾವುದಿರಬೇಕೆಂದು ಎರಡು ಸಭೆ ನಡೆದವು, ಎರಡರಲ್ಲೂ ಊಟ ಚೆನ್ನಾಗಿತ್ತು. ಮೂರನೆಯ ಸಭೆಯಲ್ಲಿ ಬಹುಮಾನದ ಮಾತು ಬಂತು. ಹಳ್ಳಿಯ ದಿನಸಿ ಅಂಗಡಿಯ ಯಜಮಾನರು ಮನಿಹಿಕಿ ದ್ವೀಪಕ್ಕೆ ವಿಮಾನದಲ್ಲಿ ಹೋಗಿಬರುವ ಒಂದು ಟಿಕೆಟ್ ಕೊಡುವುದಾಗಿ ಹೇಳಿದರು. ಯಾರು ಮೊದಲು ಸಾವಿರ ಕಿಲೋಮೀಟರ್, ಅಂದರೆ ಮೂವತ್ತೆರಡು ಸುತ್ತು ಮುಗಿಸುತ್ತಾರೋ ಅವರಿಗೆ. ಗಡುವು ಆಗಸ್ಟಿನ ಕೊನೆಯ ಶನಿವಾರದ ಸೂರ್ಯಾಸ್ತ.

"ಮೂವತ್ತೆರಡು ಸುತ್ತು ಹಾಕಿದ್ರೆ ಸಾವಿರದ ಮೇಲೆ ಇಪ್ಪತ್ನಾಲ್ಕು ಬರುತ್ತಲ್ಲ?" ಎಂದೆ.

"ಆ ಇಪ್ಪತ್ನಾಲ್ಕು ದೇವರ ಪಾಲು ಅಂತ ಇಟ್ಕೊಳಮ್ಮ," ಎಂದರು ಅಧ್ಯಕ್ಷ ತುವಾಕಾನಾ.

ಮನಿಹಿಕಿ ಬಹಳ ದೂರ, ಉತ್ತರಕ್ಕೆ. ವಿಮಾನ ತನಗೆ ಮನಸ್ಸು ಬಂದಾಗ ಹೋಗುತ್ತದೆ. ಟಿಕೆಟ್ಟಿನ ದುಡ್ಡಿಗೆ ಓಡುವ ಸ್ಥಿತಿಯ ಸ್ಕೂಟರ್ ಬರುತ್ತದೆ. ನನ್ನ ಗಂಡನ ಅಕ್ಕ ಅಕಾಯಿತಿ ಹುಟ್ಟಿದ್ದು ಅಲ್ಲಿ. ಅವಳ ತಂಗಿ ಇನ್ನೂ ಅಲ್ಲೇ ಇದ್ದಾಳೆ. ಇಬ್ಬರೂ ಮುಖ ನೋಡಿ ಇಪ್ಪತ್ತು ವರ್ಷದ ಮೇಲಾಗಿದೆ. ಫೋನಿನಲ್ಲಿ ಮಾತಾಡುತ್ತಾರೆ, ಆದರೆ ತಂಗಿ ನಗಲು ಶುರುಮಾಡುವ ಹೊತ್ತಿಗೆ ಸರಿಯಾಗಿ ಲೈನು ಕಡಿದುಹೋಗುತ್ತದೆ. ಸಭೆ ಮುಗಿದ ಮರುದಿನವೇ ಅತ್ತಿಗೆ ನನ್ನ ಅಂಗಡಿಗೆ ಬಂದು, ಬುಟ್ಟಿಯಿರುವ ಹಳದಿ ಸೈಕಲ್ಲಿನ ಸೀಟನ್ನು ತಟ್ಟಿ ನೋಡಿದಳು.

"ಇದು ನನ್ನ ತಡ್ಕೊಳುತ್ತೇನೇ?"

"ಇಬ್ರು ಜರ್ಮನ್ನರನ್ನ ತಡ್ಕೊಂಡಿದೆ ಅತ್ತಿಗೆ. ಮೀಟರ್ ಹಾಕಿಕೊಡ್ಲಾ?"

"ಬೇಡ. ಆ ಗಾತ್ರದ ಅಂಕಿ ಓದೋಕೆ ಕನ್ನಡಕ ಹಾಕ್ಬೇಕು. ಕನ್ನಡಕ ಹಾಕಿದ್ರೆ ರಸ್ತೆ ಕಾಣಲ್ಲ."

ಅವಳ ಲೆಕ್ಕ ಬೇರೆಯೇ ಇತ್ತು. ಮನಿಹಿಕಿಯವರು ತೆಂಗಿನ ಎಳೆಗರಿಯ ಪಟ್ಟಿ ಹೆಣೆದು, ಅದನ್ನು ಸುತ್ತು ಸುತ್ತಾಗಿ ಹೊಲಿದು ಟೋಪಿ ಮಾಡುತ್ತಾರೆ. ರಸ್ತೆಯಲ್ಲಿ ಒಂದು ಸುತ್ತು ಮುಗಿಸಿ ಬಂದ ದಿನ ಅವಳು ಟೋಪಿಗೆ ಒಂದು ಸುತ್ತು ಸೇರಿಸುತ್ತಿದ್ದಳು. ಪಟ್ಟಿ ತುಸು ಅಗಲವಾಗಿಬಿಟ್ಟಿತ್ತು. ಇಪ್ಪತ್ತನೆಯ ಸುತ್ತಿಗೇ ಟೋಪಿ ಮುಗಿಯಿತು, ಉಳಿದದ್ದೆಲ್ಲ ಅಂಚಿಗೆ ಹೋಯಿತು. ಜುಲೈ ಮುಗಿಯುವಷ್ಟರಲ್ಲಿ ಚರ್ಚಿನಲ್ಲಿ ಅವಳ ಅಕ್ಕಪಕ್ಕದವರೂ ನೆರಳಿನಲ್ಲಿ ಕೂರುತ್ತಿದ್ದರು.

ಅವಳ ಜೊತೆ ಪೈಪೋಟಿಗೆ ಉಳಿದದ್ದು ತೆಯಾರಿಕಿ ಒಬ್ಬನೇ. ಸರ್ಕಾರಿ ಆಫೀಸಿನಿಂದ ನಿವೃತ್ತನಾದವನು, ಕಾಗದವೆಂದರೆ ಪ್ರೀತಿ. ಮನಿಹಿಕಿಗೆ ಸರ್ಕಾರದ ಖರ್ಚಿನಲ್ಲೇ ಎರಡು ಸಲ ಹೋಗಿ ಬಂದಿದ್ದ, ಸೊಳ್ಳೆ ಜಾಸ್ತಿ ಎಂದು ಎರಡು ಸಲವೂ ಬೈದಿದ್ದ. ಆದರೂ ಗೆಲ್ಲಬೇಕೆಂಬ ಆಸೆ. ಆರುನೂರು ಡಾಲರಿನ ಗಡಿಯಾರ ತರಿಸಿ, ಪ್ರತಿ ವಾರ ವರದಿ ಮುದ್ರಿಸಿ ಸಭಾಮನೆಯ ಗೋಡೆಗೆ ಅಂಟಿಸುತ್ತಿದ್ದ. ವರದಿಯಲ್ಲಿ ಎದೆಬಡಿತ, ಬೆವರು, ನಿದ್ದೆಯ ಗುಣಮಟ್ಟ ಎಲ್ಲ ಇರುತ್ತಿತ್ತು. ನಿದ್ದೆಯಲ್ಲಿ ಅವನು ಹಳ್ಳಿಗೇ ಮೊದಲಿಗ.

ಕೊನೆಯ ಶನಿವಾರ ಮಧ್ಯಾಹ್ನ ಸಭೆ ಸೇರಿತು, ಊಟವಿದೆಯೆಂದು ದ್ವೀಪದ ಬೇರೆ ಹಳ್ಳಿಗಳವರೂ ಬಂದಿದ್ದರು. ಪ್ರಾರ್ಥನೆಯಾಯಿತು, ಊಟವಾಯಿತು. ತೆಯಾರಿಕಿ ಬುಧವಾರ ಸಾವಿರ ಮುಟ್ಟಿದ್ದೇನೆಂದು ಕಾಗದ ಓದಿದ. ಅತ್ತಿಗೆ ಮೂವತ್ತೆರಡನೆಯ ಸುತ್ತು ಮುಗಿಸಿದ್ದು ಶುಕ್ರವಾರ. ಟೋಪಿಯನ್ನು ಮೇಜಿನ ಮೇಲಿಟ್ಟಳು, ಮೇಜು ಮುಚ್ಚಿಹೋಯಿತು.

"ಟೋಪಿನ ಫೈಲ್‌ಗೆ ಹಾಕೋದು ಹೇಗೆ?" ಎಂದು ಅಧ್ಯಕ್ಷರು ಚಿಂತೆಗೆ ಬಿದ್ದರು.

ತೆಯಾರಿಕಿ ಎದ್ದು ನಿಂತ. "ಇನ್ನೊಂದು ವಿಷಯ ಇದೆ. ಅಕಾಯಿತಿ ಯಾವಾಗ್ಲೂ ಎಡಸುತ್ತು ಹೋಗ್ತಾಳೆ. ನಾವು ರಸ್ತೆಯ ಎಡಗಡೆ ಓಡಿಸೋರು. ಎಡಸುತ್ತು ಹೋದ್ರೆ ಬೆಟ್ಟದ ಕಡೆ, ಒಳಗಡೆ. ಬಲಸುತ್ತು ಹೋದ್ರೆ ಸಮುದ್ರದ ಕಡೆ, ಹೊರಗಡೆ. ಅಂದ್ಮೇಲೆ ಅವಳ ಸುತ್ತು ಗಿಡ್ಡ."

ಸಮಿತಿಗೆ ಇಂಥದ್ದೊಂದು ವಿಷಯ ಸಿಕ್ಕಿ ಬಹಳ ದಿನವಾಗಿತ್ತು. ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹಗ್ಗ ತರಿಸೋಣವೆಂದು ಒಬ್ಬರು, ಎರಡೂ ಬಸ್ಸುಗಳನ್ನು ಒಟ್ಟಿಗೆ ಬಿಟ್ಟು ನೋಡೋಣವೆಂದು ಇನ್ನೊಬ್ಬರು. ಶಾಲೆಯಲ್ಲಿ ಲೆಕ್ಕ ಕಲಿಸುವ ನನ್ನ ಗಂಡ ಅಂಗೈ ಮೇಲೆ ಪೆನ್ನಿನಿಂದ ಗೀಚಿ, ಇಡೀ ಸುತ್ತಿಗೆ ಇಪ್ಪತ್ತೈದು ಮೀಟರ್ ವ್ಯತ್ಯಾಸ ಎಂದ.

"ಇಪ್ಪತ್ತೈದು ಮೀಟರ್ ಅಂದ್ರೆ?" ಎಂದರು ಅಧ್ಯಕ್ಷರು.

"ಇಲ್ಲಿಂದ ಹಿಂದಿನ ಪಾಯಖಾನೆ ತನಕ."

"ಹಾಗಾದ್ರೆ ನನ್ನ ಬಾಕಿ ತೀರಿದೆ," ಎಂದಳು ಅತ್ತಿಗೆ. "ಸಕ್ಕರೆ ಕಾಯಿಲೆಯವಳು ನಾನು. ಬೆಳಗಿಂದ ಎಷ್ಟು ಸಲ ಹೋಗಿ ಬಂದಿದೀನಿ, ಬರ್ಕೊಳಿ."

ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಮೀ ಅಜ್ಜಿ ಕೋಲು ಕುಟ್ಟಿದಳು. ಮೀ ಅಜ್ಜಿಯ ಮನೆ ದ್ವೀಪದ ದಕ್ಷಿಣಕ್ಕೆ, ತಿತಿಕವೇಕಾದಲ್ಲಿ. ಜಗಲಿ ರಸ್ತೆಗೆ ಅಂಟಿಕೊಂಡಿದೆ. ಅವಳು ಅಲ್ಲಿ ಕೂರುವುದು ಬೆಳಗಿನ ಬಸ್ಸಿಗೆ ಮುಂಚೆ, ಏಳುವುದು ಸಂಜೆಯ ಬಸ್ಸು ಹೋದ ಮೇಲೆ.

"ಏ ತೆಯಾರಿಕಿ. ನೀನು ಸಾವಿರ ಹೋದೆ ಅಂತೀಯಲ್ಲ, ನನ್ನ ಮನೆ ಮುಂದೆ ಹೋಗಿದ್ದು ಬಹಳ ಸಲ ಸ್ಕೂಟರಲ್ಲಿ. ಮೀನು ತರೋಕೆ. ಕೈಯಲ್ಲಿ ಗಡಿಯಾರ ಫಳಫಳ ಅಂತಿತ್ತು."

ಸಭೆಯಲ್ಲಿದ್ದವರಿಗೆ ನಾಲಿಗೆ ಬಂತು. ಮೂರಿ ಹಳ್ಳಿಯವಳೊಬ್ಬಳು ಅವನು ತನ್ನ ಬೇಲಿಯ ಮುಂದೆ ಸ್ಕೂಟರಿನಲ್ಲಿ ಹಾದುಹೋದದ್ದನ್ನೆಲ್ಲ ಹೇಳಿದಳು. ವಿಮಾನ ನಿಲ್ದಾಣದ ಗೋಡೆಯ ಹತ್ತಿರ ಡೋನಟ್ ಮಾರುವವನು ಅದಕ್ಕೆ ತಾನು ಕಂಡದ್ದನ್ನು ಸೇರಿಸಿದ. ಒಂದೇ ರಸ್ತೆಯ ಊರಿನಲ್ಲಿ ಅತಿ ಅಗ್ಗದ ಮೀಟರು ಜಗಲಿ. ಅದಕ್ಕೆ ಬ್ಯಾಟರಿ ಬೇಡ, ಮತ್ತು ನಾವು ಬೇಡವೆಂದರೂ ಅದು ಎಣಿಸುತ್ತಲೇ ಇರುತ್ತದೆ. ಕೂಡಿ ಕಳೆದ ಮೇಲೆ ತೆಯಾರಿಕಿಯ ಸಾವಿರದಲ್ಲಿ ನಾನೂರರಷ್ಟು ಉಳಿಯಿತು.

"ಗಡಿಯಾರಕ್ಕೆ ಸೈಕಲ್ ಯಾವ್ದು ಸ್ಕೂಟರ್ ಯಾವ್ದು ಅಂತ ಗೊತ್ತಾಗ್ಬೇಕಿತ್ತು," ಎಂದು ಅವನು ಕೂತ. "ಡಬ್ಬಿ ಮೇಲೆ ಹಾಗೇ ಬರ್ದಿತ್ತು."

ಅತ್ತಿಗೆ ನಗುತ್ತಿದ್ದಳು. ಮೀ ಅಜ್ಜಿಯ ಕೋಲು ಅವಳ ಕಡೆ ತಿರುಗಿತು.

"ನೀನೇನು ಹಲ್ಲು ಬಿಡ್ತೀಯ? ಆ ದೊಡ್ಡ ಮಳೆ ದಿನ ಪೋಕೋನ ಪಿಕಪ್ ಹತ್ತಿದ್ದು ಯಾರು? ಸೈಕಲ್ ಹಿಂದೆ, ನೀನು ಹಿಂದೆ."

ಬಾಗಿಲ ಬಳಿ ಕೂತಿದ್ದ ಪೋಕೋ ನೆಲ ನೋಡಿದ. ಅತ್ತಿಗೆಯ ಕಿವಿ ಕೆಂಪಾಯಿತು.

"ಸೈಕಲ್ ಸುತ್ತು ಹಾಕಿತಲ್ಲ ಅಜ್ಜಿ. ನಾನೂ ಅದನ್ನ ಹಿಡ್ಕೊಂಡು ಜೊತೇಲೇ ಇದ್ದೆ. ನೆನೆದೂ ನೆನೆದೆ."

"ಮೀನೂ ಬರುತ್ತೆ ಪಿಕಪ್ಪಲ್ಲಿ. ಅದಕ್ಕೂ ಟಿಕೆಟ್ ಕೊಡೋಣ್ವಾ?"

ಅತ್ತಿಗೆ ಟೋಪಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಎಲ್ಲರ ಎದುರು, ಹೊರಗಿನ ಸುತ್ತಿನ ಹೊಲಿಗೆ ಬಿಚ್ಚಿದಳು. ಬಿಚ್ಚಿದ ಪಟ್ಟಿಯನ್ನು ಅಧ್ಯಕ್ಷರ ಮುಂದೆ ಇಟ್ಟಳು. "ಮೂವತ್ತೊಂದು. ಕತ್ತಲಾಗೋಕೆ ಇನ್ನೂ ಹೊತ್ತಿದೆ. ಹೋಗಿ ಬರ್ತೀನಿ."

"ಬಲಸುತ್ತು," ಎಂದ ತೆಯಾರಿಕಿ.

"ಬಲಸುತ್ತೇ."

ಸಮಿತಿ ಪರೀಕ್ಷಕರನ್ನು ನೇಮಿಸಿತು. ಗಡಿಯಾರ ಇರುವವನು ಅವನೊಬ್ಬನೇ ಆದ್ದರಿಂದ ತೆಯಾರಿಕಿಯನ್ನೇ ನೇಮಿಸಿತು. ಅವನ ಮೇಲೆ ಕಣ್ಣಿಡಲು ನನ್ನನ್ನು ಅವನ ಸ್ಕೂಟರಿನ ಹಿಂದೆ ಕೂರಿಸಿತು.

ಅವರುವಾ ಪೇಟೆ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಎದುರುಗಾಳಿ, ಜೊತೆಗೆ ಅದಕ್ಕಿಂತ ದೊಡ್ಡ ತೊಂದರೆ. ನಮ್ಮಲ್ಲಿ ರಸ್ತೆಯಲ್ಲಿ ಹೋಗುವವರನ್ನು ಕಂಡರೆ "ಬನ್ನಿ, ಊಟ ಮಾಡಿ" ಎನ್ನುತ್ತಾರೆ. ಕರೆದರೆ ನಿಲ್ಲಬೇಕು. ಕೊನೆಯ ಪಕ್ಷ ಒಂದು ತುತ್ತು ತಿನ್ನಬೇಕು. ಇಷ್ಟು ದಿನ ಅತ್ತಿಗೆ ನಿಲ್ಲುತ್ತಲೇ ಹೋಗಿದ್ದಳು, ಒಂದು ಸುತ್ತಿಗೆ ಇಡೀ ದಿನ ಹಿಡಿಯುತ್ತಿತ್ತು. ಈಗ ಹೊತ್ತಿರಲಿಲ್ಲ. ಸಭೆಯ ಸುದ್ದಿ ಫೋನಿನಲ್ಲಿ ಮುಂದೆ ಓಡಿದ್ದರಿಂದ ಎಲ್ಲರೂ ತಟ್ಟೆ ಹಿಡಿದು ಗೇಟಿಗೇ ಬಂದಿದ್ದರು.

"ಅಕಾಯಿತಿ, ಪಪಾಯ ಹೆಚ್ಚಿದೀನಿ ಬಾರೇ."

"ಇನ್ನೊಂದ್ಸಲ ಅಕ್ಕ."

"ಏನೇ, ಟಿಕೆಟ್ ಸಿಗೋಕೆ ಮುಂಚೆನೇ ಇಷ್ಟು ಜಂಬನಾ?"

ಒಂದೊಂದು ಗೇಟಿನಲ್ಲೂ ಅವಳ ಬೆನ್ನು ಇಷ್ಟಿಷ್ಟು ಬಾಗುತ್ತ ಹೋಯಿತು. ಏರು ಬಂದಾಗ ಅವಳು ಒದ್ದಾಡಿದ್ದನ್ನು ನಾನು ಕಂಡಿದ್ದೆ, ಆದರೆ ಬೇಡವೆನ್ನುವಾಗ ಒದ್ದಾಡಿದಷ್ಟಲ್ಲ. ತೆಯಾರಿಕಿ ಮಾತ್ರ ಎಲ್ಲ ಗೇಟಿನಲ್ಲೂ ಸ್ಕೂಟರ್ ನಿಲ್ಲಿಸಿ, ಅವಳು ಕಣ್ಮರೆಯಾಗುವ ಮುಂಚೆ ಮತ್ತೆ ಹಿಡಿಯುತ್ತಿದ್ದ.

"ಪರೀಕ್ಷೆ ಮಾಡೋರು ಹೀಗೆ ತಿಂತಾ ಕೂತ್ರೆ ಆಯ್ತು," ಎಂದೆ.

"ಸಮಿತಿ ಮರ್ಯಾದೆ ನೋಡ್ಬೇಕಲ್ಲಮ್ಮ," ಎಂದ, ಬಾಯಲ್ಲಿ ಕೆಸುವಿನ ಗೆಡ್ಡೆ ಇಟ್ಟುಕೊಂಡು.

ತಿತಿಕವೇಕಾ ತಲುಪಿದಾಗ ಸೂರ್ಯ ತೆಂಗಿನ ತಲೆಗಳಿಗೆ ಇಳಿದಿದ್ದ. ಬಸ್ಸಿನಲ್ಲಿ ಮೊದಲೇ ಮನೆ ಸೇರಿದ್ದ ಮೀ ಅಜ್ಜಿ ಗೇಟಿನಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟಲು, ತೆಂಗಿನ ಹಾಲಿನಲ್ಲಿ ನೆನೆಸಿದ ಹಸಿ ಮೀನು. ಅತ್ತಿಗೆಗೆ ಅದೆಂದರೆ ಪ್ರಾಣ, ಅದು ಇಡೀ ರಸ್ತೆಗೆ ಗೊತ್ತು.

"ತಗೋ. ಸಭೇಲಿ ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ."

ಇಲ್ಲಿ ನಿಲ್ಲದಿದ್ದರೆ ಅತ್ತಿಗೆಗೆ ಸಿಟ್ಟು ಹೋಗಿಲ್ಲವೆಂದೇ ಅರ್ಥ. ನಿಂತರೆ ಮೀ ಅಜ್ಜಿ ಒಂದು ತುತ್ತಿಗೆ ಬಿಡುವವಳಲ್ಲ. ಅತ್ತಿಗೆಯ ಸೈಕಲ್ ನಿಧಾನವಾಯಿತು, ಒಂದು ಕಾಲು ನೆಲಕ್ಕೆ ಇಳಿಯುವಷ್ಟು ಬಂತು. ಆಮೇಲೆ ಅವಳು ಮುಖ ತಿರುಗಿಸಿ ಪೆಡಲ್ ಒತ್ತಿದಳು.

"ನಾಳೆ ಬರ್ತೀನಿ ಅಜ್ಜಿ."

"ನಾಳೆ ಭಾನುವಾರ, ಎಲ್ಲಾ ಮನೇಲೂ ಹಬ್ಬದೂಟ. ನಾಳೆ ಯಾರು ಬೇಕಾದ್ರೂ ತಿಂತಾರೆ," ಎಂದು ಮೀ ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಗಲಲ್ಲಿ ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಭಾಮನೆಯ ಮುಂದೆ ಅತ್ತಿಗೆ ಇಳಿದಾಗ ಸೂರ್ಯ ನೀರನ್ನು ಮುಟ್ಟಿದ್ದ, ಮುಳುಗಿರಲಿಲ್ಲ. ಅಧ್ಯಕ್ಷರು ತೆಯಾರಿಕಿಯ ಮುಂದೆ ಕೈ ಚಾಚಿದರು.

"ವರದಿ?"

ತೆಯಾರಿಕಿ ಮಣಿಕಟ್ಟು ನೋಡಿದ, ಗುಂಡಿ ಒತ್ತಿದ, ಇನ್ನೊಂದು ಗುಂಡಿ ಒತ್ತಿದ. ಗಡಿಯಾರ ಕಪ್ಪಾಗಿತ್ತು. ಮಧ್ಯಾಹ್ನ ಸಭೆಗೆಲ್ಲ ಅದರ ನಕ್ಷೆ ತೋರಿಸಿ ತೋರಿಸಿ ಬ್ಯಾಟರಿ ಮುಗಿಸಿಕೊಂಡಿದ್ದ.

"ದಾಖಲೆ ಇಲ್ದೆ ನಾನು ಹೇಗಪ್ಪ ಟಿಕೆಟ್ ಕೊಡ್ಲಿ?" ಎಂದರು ಅಧ್ಯಕ್ಷರು.

ಇಲ್ಲವೆಂದುಬಿಡುವುದು ತೆಯಾರಿಕಿಗೆ ಸುಲಭವಿತ್ತು. ನಾನು ಅತ್ತಿಗೆಯ ಕಡೆಯವಳು, ನನ್ನ ಮಾತು ನಡೆಯುತ್ತಿರಲಿಲ್ಲ. ಅವನು ಅತ್ತಿಗೆಯ ಬೆವರಿನಲ್ಲಿ ತೊಯ್ದ ಅಂಗಿ ನೋಡಿದ, ಸತ್ತ ಗಡಿಯಾರ ನೋಡಿದ.

"ದಾಖಲೆ ನಾನೇ," ಎಂದ. "ಹೊರಗಡೆಯಿಂದನೇ ಬಂದ್ಳು, ಪೂರ್ತಿ ಬಂದ್ಳು. ಎಲ್ಲೂ ಇಳೀಲಿಲ್ಲ, ಏನೂ ತಿನ್ನಲಿಲ್ಲ. ತಿಂದೋನು ನಾನು. ಬೇಕಾದ್ರೆ ಹೊಟ್ಟೆ ಮುಟ್ಟಿ ನೋಡಿ."

ಅಧ್ಯಕ್ಷರು ಬಿಚ್ಚಿಟ್ಟಿದ್ದ ಪಟ್ಟಿಯನ್ನು ಅತ್ತಿಗೆಗೆ ವಾಪಸ್ಸು ಕೊಟ್ಟರು.

ಗುರುವಾರ ಅವಳು ವಿಮಾನ ಹತ್ತಿದಳು. ಟೋಪಿ ಮೇಲಿನ ಗೂಡಿಗೂ ಹೋಗಲಿಲ್ಲ, ಕಾಲಡಿಗೂ ಹೋಗಲಿಲ್ಲ. ಹೋಗುವಷ್ಟು ದೂರ ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ತಂಗಿ ಅದನ್ನು ನೋಡಿ ನಕ್ಕಳಂತೆ, ನಗು ಕೊನೆಯವರೆಗೂ ಕೇಳಿಸಿತಂತೆ.

ಅತ್ತಿಗೆಗೆ ಸಿಕ್ಕಿದ್ದು ತಂಗಿಯ ಮನೆಯಲ್ಲಿ ಮೂರು ವಾರ, ಮತ್ತು ನರ್ಸ್ ಎರಡು ಸಲ ಬೆರಳು ಚುಚ್ಚಿ ಖಾತ್ರಿ ಮಾಡಿಕೊಳ್ಳುವಷ್ಟು ಇಳಿದ ಸಕ್ಕರೆ. ಹೋದದ್ದು ಆ ಶನಿವಾರ ಬೇಡವೆಂದ ಮನೆಗಳ ಸ್ನೇಹ. ವಾಪಸ್ಸು ಬಂದ ಮೇಲೆ ಅವಳು ಮೀ ಅಜ್ಜಿಯ ಮನೆಯಿಂದ ಶುರುಮಾಡಿ ಒಂದೊಂದೇ ಮನೆಗೆ ಹೋಗಿ ಕೂತು ಹೊಟ್ಟೆ ತುಂಬ ತಿಂದು ಬಂದಳು. ಕ್ರಿಸ್‌ಮಸ್ಸಿನ ಹೊತ್ತಿಗೆ ಸ್ನೇಹವೆಲ್ಲ ವಾಪಸ್ಸು ಬಂತು. ಸಕ್ಕರೆ ಅರ್ಧ ವಾಪಸ್ಸು ಬಂತು.