ಎರಡು ಸೀಸೆ ಉಗುಳು

ಎರಡನೆಯ ಸೀಸೆಗೂ ಉಗುಳಿ ಮುಚ್ಚಳ ತಿರುಗಿಸಿದ ಮೇಲೆಯೇ ತಾನು ಮಾಡಿದ್ದೇನೆಂದು ತಂಗಿಗೆ ಹೊಳೆದದ್ದು. ಅಕ್ಕ ತಂದುಕೊಟ್ಟ ಉಗುಳು ಪರೀಕ್ಷೆಯ ಪೆಟ್ಟಿಗೆಯಲ್ಲಿದ್ದ ಆ ಸೀಸೆ ಅವಳದಲ್ಲ. 'ನಿಮ್ಮ ಗೆಳತಿಗೆ ಉಚಿತ' ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಏನು ಮಾಡುವುದು, ಹಾಲಿನ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಪಳಗಿದ ಕೈ ಅದು. ಅಲ್ಲಿ ಟ್ಯಾಂಕರಿನಿಂದ ತೆಗೆದ ಹಾಲನ್ನು ಯಾವತ್ತೂ ಒಂದೇ ಸೀಸೆಗೆ ತುಂಬುವುದಿಲ್ಲ. ಎರಡಕ್ಕೆ ತುಂಬಿ, ಬೇರೆ ಬೇರೆ ನಂಬರು ಬರೆದು, ಇಬ್ಬರ ಮೇಜಿಗೆ ಕಳಿಸುತ್ತಾರೆ. ಎರಡು ಕಡೆಯೂ ಫಲಿತಾಂಶ ಒಂದೇ ಬಂದರೆ ಸರಿ, ಇಲ್ಲದಿದ್ದರೆ ಪರೀಕ್ಷೆ ಮಾಡಿದವರಿಗೆ ಮಂಗಳಾರತಿ.

"ಆಯ್ತೇನೇ?" ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು.

"ಆಯ್ತು, ಆಯ್ತು."

ಉಗುಳಿದ ಸೀಸೆಯನ್ನು ಇನ್ನು ಯಾವ ಗೆಳತಿಗೆ ಕೊಡುವುದು? ಚೀಟಿಯ ಮೇಲೆ ಏನೋ ಒಂದು ಹೆಸರು ಬೇಕಿತ್ತು. ಕೈಗೆ ಬಂದದ್ದನ್ನು ಗೀಚಿದಳು: ಗುಂಡಮ್ಮ. ವಯಸ್ಸು ತನ್ನದೇ, ಐವತ್ತೊಂದು.

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು, ನಿದ್ದೆ. ಮುಟ್ಟು ನಿಲ್ಲುವ ಕಾಲ. ನಾಲ್ಕು ತಿಂಗಳಿಂದ ಎದೆಯಿಂದ ಕೆನ್ನೆಯವರೆಗೆ ಧಗ್ಗೆಂದು ಶಾಖ ಏರುವುದು, ಹಾಸಿಗೆಯೆಲ್ಲ ಬೆವರಿಗೆ ತೊಯ್ಯುವುದು. ಕೆಲಸದಲ್ಲಿ ಏನಾದರೊಂದು ನೆಪ ತೆಗೆದು ಶೀತಲ ಕೋಣೆಗೆ ಹೋಗಿ ನಿಲ್ಲುತ್ತಿದ್ದಳು. ಮೊನ್ನೆಯಂತೂ ನಿಂತಲ್ಲೇ ತೂಕಡಿಸಿ, ಹುಳಿ ಬಂದ ಟ್ಯಾಂಕರೊಂದನ್ನು ಒಳಗೆ ಬಿಡಲು ಸಹಿ ಹಾಕಿಯೇಬಿಡುತ್ತಿದ್ದಳು. ಡಾಕ್ಟರಮ್ಮ, "ಇದಕ್ಕೆ ಔಷಧಿ ಇದೆ. ನಿಮಗೆ ಒಗ್ಗುತ್ತಾ ಅಂತ ಮೊದಲು ನೋಡೋಣ" ಎಂದು ದಿನ ಕೊಟ್ಟಿದ್ದರು. ಆ ದಿನಕ್ಕೆ ಕಲ್ಲು ಹಾಕಿದವಳು ಅಕ್ಕ.

"ಡಾಕ್ಟರ ಹಾರ್ಮೋನು ಅಂದ್ರೆ ವಿಷ ಕಣೇ. ನಮ್ಮದು ಗೆಡ್ಡೆಯಿಂದ ತೆಗೆದಿದ್ದು. ಉಗುಳು ನೋಡಿ, ನಿಂಗೆ ಅಂತಲೇ ಕ್ರೀಮು ಮಾಡ್ಕೊಡ್ತಾರೆ. ನನಗೋಸ್ಕರ ಒಂದ್ಸಲ ನೋಡೇ."

ಅಂಚೆ ಕಚೇರಿಯ ಕೆಲಸ ಬಿಟ್ಟಮೇಲೆ ಮಂಕು ಬಡಿದವಳ ಹಾಗೆ ಕೂತಿದ್ದ ಅಕ್ಕ, ಈ ಕ್ರೀಮು ಮಾರಲು ಹೊರಟ ಎರಡು ತಿಂಗಳಿಂದ ಗೆಲುವಾಗಿದ್ದಳು. ಅವಳಿಗೆ ಹೇಗೆ ಇಲ್ಲವೆನ್ನುವುದು?

ಎರಡು ವಾರ ಕಳೆದ ಭಾನುವಾರ ಸಂಜೆ ಅಕ್ಕನ ಹಜಾರದಲ್ಲಿ ಹನ್ನೊಂದು ಹೆಂಗಸರು ಸೇರಿದರು. ಕಿಟಕಿಗಳೆಲ್ಲ ತೆರೆದಿದ್ದರೂ ಎಲ್ಲರ ಕೈಯಲ್ಲೂ ಬೀಸಿಕೊಳ್ಳಲು ಒಂದೊಂದು ಕಾಗದ. ಕ್ರೀಮಿನ ಕಂಪನಿಯಿಂದ ಬಂದವಳಿಗೆ ಇವರಿಟ್ಟ ಹೆಸರು ಸಮತೋಲನ ಮೇಡಂ, ಎರಡು ಮಾತಿಗೊಮ್ಮೆ ಸಮತೋಲನ ಅನ್ನುತ್ತಿದ್ದಳಲ್ಲ, ಅದಕ್ಕೆ. ಬಿಳಿ ಕೋಟು ತೊಟ್ಟಿದ್ದಳು. ಡಾಕ್ಟರಾ ಎಂದು ಯಾರೂ ಕೇಳಲಿಲ್ಲ, ಅಲ್ಲವೆಂದು ಅವಳೂ ಹೇಳಲಿಲ್ಲ.

ಮೊದಲು ತಂಗಿಯ ವರದಿ. "ಅಯ್ಯೋ ಮೇಡಂ, ನಿಮ್ಮ ಈಸ್ಟ್ರೊಜೆನ್ ಹಾರ್ಮೋನು ಬತ್ತಿ ತಳ ಕಾಣ್ತಿದೆ. ಸಮತೋಲನವೇ ಇಲ್ಲ. ಈ ಕ್ರೀಮು ದಿನಕ್ಕೆರಡು ಸಲ, ಮೊಣಕೈ ಒಳಗಡೆ ತಿಕ್ಕಿ." ಆಮೇಲೆ ಇನ್ನೊಂದು ಹಾಳೆ ಎತ್ತಿದಳು. "ಗುಂಡಮ್ಮ ಯಾರು? ಬಂದಿಲ್ವಾ? ಇವರದು ನೋಡಿ, ತದ್ವಿರುದ್ಧ. ಈಸ್ಟ್ರೊಜೆನ್ ಉಕ್ಕಿ ಹರೀತಿದೆ! ಬಹಳ ಅಪಾಯ. ಇವರಿಗೂ ಇದೇ ಕ್ರೀಮು, ದಿನಕ್ಕೆರಡು ಸಲ."

ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಅಕ್ಕ ಗಕ್ಕನೆ ನಿಂತಳು. ದುಂಡುದುಂಡಗಿದ್ದ ತಂಗಿಗೆ ಚಿಕ್ಕಂದಿನಲ್ಲಿ ಗುಂಡಮ್ಮ ಎಂದು ಹೆಸರಿಟ್ಟವಳು ಅವಳೇ. ಲೋಕದಲ್ಲಿ ಹಾಗೆ ಕರೆಯುವವಳೂ ಅವಳೊಬ್ಬಳೇ.

ಹೇಳಲೋ ಬೇಡವೋ ಎಂದು ತಂಗಿ ಯೋಚಿಸಿದಳು. ಹೇಳಿದರೆ ಹನ್ನೊಂದು ಜನರೆದುರು ಅಕ್ಕನ ಮಾನ ಹರಾಜು. ಸುಮ್ಮನಿದ್ದರೆ ಇನ್ನೂ ಎಷ್ಟು ತಿಂಗಳು ಸೂರು ನೋಡುತ್ತ ಮಲಗಬೇಕೋ. ಹಾಳಾದ್ದು ಅದೇ ಹೊತ್ತಿಗೆ ಎದೆಯಿಂದ ಶಾಖವೂ ಏರಿತು. ಅವಳು ಎದ್ದು ನಿಂತಳು.

"ಗುಂಡಮ್ಮನೂ ನಾನೇ ಮೇಡಂ. ಎರಡೂ ಒಂದೇ ಬಾಯಿಂದ ಬಂದಿದ್ದು."

ಬೀಸುತ್ತಿದ್ದ ಕಾಗದಗಳೆಲ್ಲ ನಿಂತವು. ಸಮತೋಲನ ಮೇಡಂ ಎರಡೂ ಹಾಳೆ ಕೆಳಗಿಟ್ಟಳು. "ಅದು ಹಾಗೇ ಮೇಡಂ. ಬೆಳಿಗ್ಗೆ ಒಂಥರಾ ಇರುತ್ತೆ, ಮಧ್ಯಾಹ್ನ ಒಂಥರಾ."

"ಎರಡು ಸಲ ಉಗುಳೋದ್ರೊಳಗೆ ಮಧ್ಯಾಹ್ನ ಆಗ್ಲಿಲ್ಲ ಮೇಡಂ."

ಮೂಲೆಮನೆಯ ಹೊಲಿಗೆಯಾಕೆ ಇಷ್ಟು ಹೊತ್ತು ಬೆರಳು ಮಡಿಸುತ್ತ ಏನೋ ಯೋಚಿಸುತ್ತಿದ್ದಳು. "ಅಲ್ಲಾ, ಬತ್ತಿದ್ರೂ ಇದೇ ಕ್ರೀಮು, ಉಕ್ಕಿದ್ರೂ ಇದೇ ಕ್ರೀಮು. ಮತ್ತೆ ನಮ್ಮನ್ನೆಲ್ಲ ಉಗುಳಿಸಿದ್ದು ಯಾಕೆ?"

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳ ಕೈಯಲ್ಲಿ ಲೋಟಗಳು ಗಡಗಡ ಸದ್ದು ಮಾಡುತ್ತಿದ್ದವು. ಅಯ್ಯೋ, ಅಳಿಸಿಬಿಟ್ಟೆನಲ್ಲ ಎಂದು ತಂಗಿ ಓಡಿಬಂದು ತಟ್ಟೆ ಹಿಡಿದಳು. ನೋಡಿದರೆ ಅಕ್ಕ ನಗುತ್ತಿದ್ದಾಳೆ! ಉಸಿರು ಹತ್ತದಷ್ಟು ನಗು.

"ಅಯ್ಯೋ ನನ್ನ ಕರ್ಮವೇ! ಎರಡು ತಿಂಗಳಿಂದ ತಿಕ್ತಾ ಇದೀನಿ ಕಣ್ರೇ. ಡಬ್ಬಿ ಖಾಲಿ ಆಯ್ತೇ ಹೊರತು ಬೆವರು ಖಾಲಿ ಆಗ್ಲಿಲ್ಲ. ಒಂದು ರಾತ್ರಿ ಕಣ್ಣು ಮುಚ್ಚಿದ್ರೆ ಕೇಳಿ!"

ಇಡೀ ಹಜಾರ ಹೋ ಎಂದಿತು. ಹೊಲಿಗೆಯಾಕೆಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಆ ಗದ್ದಲದಲ್ಲಿ ಬಿಳಿ ಕೋಟು ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಯಾವಾಗ ಜಾಗ ಖಾಲಿ ಮಾಡಿತೋ ಯಾರಿಗೂ ತಿಳಿಯಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ತಂಗಿ ಮೆಲ್ಲಗೆ ಕೇಳಿದಳು.

ಅಕ್ಕ ಕಣ್ಣೊರೆಸಿಕೊಂಡಳು. "ನನ್ನ ಮೈಯಲ್ಲೇ ಏನೋ ಐಬು ಅನ್ಕೊಂಡೆ ಕಣೇ. ನಿಂಗಾದ್ರೂ ವಾಸಿ ಆಗ್ಲಿ ಅಂತ." ತಂಗಿಗೆ ಅವಳ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಉಕ್ಕಿಬಂತು. ಬೆವರಿದ್ದರೂ ಸರಿ ಎಂದು ತಬ್ಬಿಕೊಂಡಳು.

ಮರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಡಾಕ್ಟರಮ್ಮನ ಕೋಣೆಯೆದುರು ಬೆಂಚಿನ ಮೇಲೆ ಕೂತಿದ್ದರು. ಹದಿನಾಲ್ಕು, ಹದಿನೈದನೆಯ ನಂಬರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಕ್ಕ ಸಮತೋಲನ ಮೇಡಂ ದನಿ ಅಣಕಿಸುತ್ತಿದ್ದಳು, ತಂಗಿ ಕಿಸಿಕಿಸಿ ನಗುತ್ತಿದ್ದಳು. ನಡುವೆ ಒಂದು ಮಾತು ಅರ್ಧಕ್ಕೇ ನಿಂತುಹೋಯಿತು.

"ಹದಿನಾಲ್ಕು!" ನರ್ಸು ಬಾಗಿಲಿಗೆ ಬಂದು ಕೂಗಿದಳು.

ಎದುರಿಗೆ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಹೆಂಗಸು ತುಟಿಯ ಮೇಲೆ ಬೆರಳಿಟ್ಟು ಬೆಂಚಿನ ಕಡೆ ಕಣ್ಣಲ್ಲೇ ತೋರಿಸಿದಳು. ತಂಗಿಯ ಭುಜದ ಮೇಲೆ ಅಕ್ಕನ ತಲೆ, ಅಕ್ಕನ ತಲೆಯ ಮೇಲೆ ತಂಗಿಯ ಕೆನ್ನೆ. ಇಬ್ಬರ ಬಾಯಿಯೂ ಕೊಂಚ ತೆರೆದಿತ್ತು.

ನರ್ಸು ಒಂದು ಕ್ಷಣ ನೋಡಿ, ದನಿ ತಗ್ಗಿಸಿ, "ಹದಿನಾರು ಬನ್ನಿ" ಎಂದಳು.