ಜಾಲರಿಗೆ ಸಿಕ್ಕ ಬಿಳಿ ಕವರು

ಅರ್ಧ ಗಡ್ಡ ಹೆರೆದಾಗಿತ್ತು, ಇನ್ನರ್ಧಕ್ಕೆ ನೊರೆ ಹಚ್ಚಿದ್ದು ಹಾಗೇ ಇತ್ತು, ಫೋನು ಬಂತು. ಕಥೆ ಕಟ್ಟುವವರೆಲ್ಲ ಹೀಗೆಯೇ ಶುರುಮಾಡುತ್ತಾರೆ, ಒಪ್ಪಿದೆ. ಆದರೆ ಇದು ನಡೆದದ್ದೇ ಹೀಗೆ, ಏನು ಮಾಡುವುದು?

"ಮೇಷ್ಟ್ರೇ, ಆರೋಗ್ಯಾಧಿಕಾರಿ ಮಾತಾಡ್ತಿರೋದು." ಎರಡು ಮಾತಿಗೊಮ್ಮೆ ಗಂಟಲು ಕೆರೆಯುವ, ನಗರಸಭೆಯ ಆ ದಪ್ಪ ಧ್ವನಿ. "ನಿಮ್ಮ ಬಿಳೀ ಕವರಿನ ಫೋಟೋ ಇದೆಯಲ್ಲ, ಅದನ್ನ, ಹ್ಞೂಂ, ಬಾಗಿಲಷ್ಟು ದೊಡ್ಡದು ಮಾಡಿಸಿದ್ವಿ. ಕವರಿನ ಮೇಲೊಂದು ಚೀಟಿ ಇದೆ. ದೊಡ್ಡದು ಮಾಡಿದ್ಮೇಲೆ ಹೆಸರು ಓದೋಕೆ ಬಂತು ನೋಡಿ!"

"ಯಾರ ಹೆಸರು?"

"ಅದೆಲ್ಲ ಸಂಜೆ, ಪ್ರದರ್ಶನದಲ್ಲೇ. ಎಸೆದವನು ಸಿಕ್ಕಿಬಿದ್ದ. ವೇದಿಕೆ ಹತ್ತಿಸಿ, ಹ್ಞೂಂ, ಎಲ್ಲರೆದುರು ಮರ್ಯಾದೆ ಮಾಡೋಣ."

ಮೇಷ್ಟ್ರೆನಿಸಿಕೊಂಡವನು ಫೋನು ಇಟ್ಟ. ನೊರೆಯಿದ್ದ ಕೆನ್ನೆಯನ್ನು ಬಿಟ್ಟು, ಹೆರೆದಾಗಿದ್ದ ಕೆನ್ನೆಯನ್ನೇ ಮತ್ತೊಮ್ಮೆ ಹೆರೆದ. ರಕ್ತ ಬಂತು.

ಆ ಕವರನ್ನು ಎಸೆದವನು ಅವನೇ.

ಎಂಟು ತಿಂಗಳ ಹಿಂದೆ ಅಮ್ಮ ತೀರಿಕೊಂಡಾಗ ಆಸ್ಪತ್ರೆಯ ನರ್ಸು ಅವನ ಕೈಗೆ ಅದನ್ನು ಕೊಟ್ಟಿದ್ದಳು. ಗಂಟು ಹಾಕಿದ ಬಿಳಿ ಪ್ಲಾಸ್ಟಿಕ್ ಕವರು. ಮೇಲೆ ಅಮ್ಮನ ಹೆಸರು, ಹಾಸಿಗೆಯ ನಂಬರು ಬರೆದ ಚೀಟಿ. ಒಳಗೆ ಶಾಲು, ಬಾಚಣಿಗೆ, ಕನ್ನಡಕ, ಹಲ್ಲಿನ ಸೆಟ್ಟು. ಗಂಟು ಬಿಚ್ಚಲು ಅವನಿಗೆ ಕೈ ಬರಲಿಲ್ಲ. ಸ್ಕೂಟರಿನ ಪೆಟ್ಟಿಗೆಯೊಳಗೆ ತುರುಕಿ ಬೀಗ ಹಾಕಿದ.

ಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಬಾಯಿ ಒಳಕ್ಕೆ ಕುಸಿದಿತ್ತು. ಅಕ್ಕ ಅವನನ್ನು ಪಕ್ಕಕ್ಕೆ ಕರೆದಳು.

"ಹಲ್ಲಿನ ಸೆಟ್ ಎಲ್ಲೋ? ಅದಿಲ್ದೆ ಅಮ್ಮ ಹಾಲಿನವನ ಎದುರಿಗೂ ಬರ್ತಿರ್ಲಿಲ್ಲ."

"ಆಸ್ಪತ್ರೇಲಿ ಕಳೆದುಹೋಯ್ತಂತೆ."

ಸ್ಕೂಟರು ಹತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಯಾಕೆ ಹಾಗಂದ? ಅಂದುಬಿಟ್ಟ, ಅಷ್ಟೆ. ಅಂದಮೇಲೆ ಆ ಕವರು ಇರಕೂಡದಾಯಿತು. ಮೂರನೆಯ ದಿನ ಕಾಲುವೆಯ ಸೇತುವೆಯ ಮೇಲಿಂದ ಕೆಳಕ್ಕೆ ಬಿಟ್ಟ.

ಮುಳುಗಲಿಲ್ಲ. ಪ್ಲಾಸ್ಟಿಕ್ಕು ಸುಲಭಕ್ಕೆ ಸಾಯುವುದಿಲ್ಲ ಎಂದು ಭೂಗೋಳದ ತರಗತಿಯಲ್ಲಿ ವರ್ಷ ವರ್ಷ ಹೇಳುತ್ತಿದ್ದವನು ಅವನೇ. ಗಾಳಿ ತುಂಬಿಕೊಂಡು ತೇಲಿತು. ಕಸ ತಡೆಯುವ ಕಬ್ಬಿಣದ ಜಾಲರಿಗೆ ಹೋಗಿ ಒರಗಿತು. ಮರುದಿನ ನೋಡಿದ, ಇತ್ತು. ಅದರ ಮರುದಿನವೂ ಇತ್ತು. ಕಂಬಿ ಹಿಡಿದು ನಿಂತವನನ್ನು ದಾರಿಹೋಕರು ಕೇಳತೊಡಗಿದರು: "ಏನ್ ಸಾರ್, ಏನಾದ್ರೂ ಬೀಳಿಸ್ಕೊಂಡ್ರಾ?" ಒಬ್ಬನಂತೂ ತೋಳು ಹಿಡಿದು, "ಮನೇಲಿ ಮಕ್ಕಳಿದ್ದಾರಾ? ಯೋಚ್ನೆ ಮಾಡಿ," ಎಂದ.

ಸುಮ್ಮನೆ ನಿಂತವನನ್ನು ಲೋಕ ನಂಬುವುದಿಲ್ಲ. ಕ್ಯಾಮೆರಾ ಹಿಡಿದು ನಿಂತರೆ ದಾರಿ ಬಿಡುತ್ತದೆ. ಕ್ಯಾಮೆರಾ ಕೊಂಡ. ಆ ಕವರೊಂದರದೇ ಫೋಟೋ ತೆಗೆದರೆ ಎದ್ದು ಕಾಣುತ್ತದಲ್ಲ, ಹಾಗಾಗಿ ಬಾಟಲಿ ತೆಗೆದ, ಹರಿದ ಚಪ್ಪಲಿ ತೆಗೆದ, ಹಾಲಿನ ಪ್ಯಾಕೆಟ್ಟು, ಶಾಂಪೂ ಪೊಟ್ಟಣ, ಮೋರಿಯಲ್ಲಿ ತಲೆಕೆಳಗಾದ ಕುರ್ಚಿ. ಒಂದನ್ನು ಬಚ್ಚಿಡಲು ನಾನೂರು ಫೋಟೋ. ಒಂದು ಬೆಳಿಗ್ಗೆ ಹೋದಾಗ ಜಾಲರಿ ಖಾಲಿಯಿತ್ತು. ಯಾರೋ ಬಾಚಿ ಒಯ್ದಿದ್ದರು. ಅಷ್ಟರಲ್ಲಿ ಪತ್ರಿಕೆಯೊಂದು ಅವನನ್ನು ಪರಿಸರಪ್ರೇಮಿ ಎಂದು ಕರೆದಾಗಿತ್ತು.

ನಗರಸಭೆ ಪ್ರದರ್ಶನ ಮಾಡುತ್ತೇವೆಂದಿತು. ಆರೋಗ್ಯಾಧಿಕಾರಿ ನಾನೂರನ್ನೂ ತಿರುವಿ ಹಾಕಿ ಒಂದರ ಮೇಲೆ ಬೆರಳಿಟ್ಟ. "ಇದರೊಳಗೆ ಏನೋ ಇದೆ ಮೇಷ್ಟ್ರೇ."

ಇತ್ತು.

ಕೆನ್ನೆಗೆ ಹತ್ತಿ ಒತ್ತಿಕೊಂಡು ಕೂತಿದ್ದಾಗ ಅಕ್ಕನ ಫೋನು.

"ಸಂಜೆ ನಾನೂ ಬರ್ತೀನಿ ಕಣೋ. ಬರ್ತಾ ಹಲ್ಲಿನ ಸೆಟ್ಟಿನ ಬಗ್ಗೆ ಆಸ್ಪತ್ರೆಗೆ ಇನ್ನೊಂದು ಅರ್ಜಿ ಕೊಟ್ಟು ಬರ್ತೀನಿ."

"ಇನ್ನೂ ಬಿಟ್ಟಿಲ್ವಾ ಅದನ್ನ?"

"ಬಿಡೋದಾ? ಅಮ್ಮನ್ನ ನೋಡ್ಕೊಳ್ತಿದ್ದ ಆ ಆಯಾನ ಬೇರೆ ವಾರ್ಡಿಗೆ ಹಾಕ್ಸಿದೀನಿ, ಕೆಲಸದಿಂದಾನೇ ತೆಗೆಸ್ತೀನಿ. ಕದ್ದೋರ ಮುಖ ನಂಗೆ ಗೊತ್ತಾಗತ್ತೆ." ಆಮೇಲೆ ದನಿ ತಗ್ಗಿಸಿದಳು. "ಅಮ್ಮ ಮತ್ತೆ ಬಂದಿದ್ಲು ಕನಸಲ್ಲಿ. ಬಾಯಿಗೆ ಕೈ ಅಡ್ಡ ಹಿಡ್ಕೊಂಡೇ ಮಾತಾಡ್ತಾಳೆ. ಒಂದಕ್ಷರ ಅರ್ಥ ಆಗಲ್ಲ."

"ಪಿತ್ತ ಜಾಸ್ತಿಯಾಗಿರತ್ತೆ," ಎಂದ.

ಮಧ್ಯಾಹ್ನ ಸಭಾಂಗಣಕ್ಕೆ ಓಡಿದ. ಫೋಟೋ ನಿಜಕ್ಕೂ ಬಾಗಿಲಷ್ಟಿತ್ತು, ಬಾಗಿಲಿನ ಪಕ್ಕದಲ್ಲೇ ಇತ್ತು. ಯಾವುದರೊಳಗೆ ಹೋಗಬೇಕೆಂದು ಒಂದು ಕ್ಷಣ ಗೊತ್ತಾಗಲಿಲ್ಲ. ಕೆಳಗೆ ಕೆಂಪು ಅಕ್ಷರ: ಇದನ್ನು ಎಸೆದವರು ಯಾರು?

ಮೂಗು ತಾಗುವಷ್ಟು ಹತ್ತಿರ ಹೋಗಿ ಚೀಟಿ ನೋಡಿದ. ಹತ್ತಿರ ಹೋದಷ್ಟೂ ಅದು ಚುಕ್ಕಿಗಳಾಗಿ ಚದುರಿತು. ಹಿಂದೆ ಸರಿದರೆ ಅಮ್ಮನ ಹೆಸರು. ಇನ್ನೊಂದು ಹೆಜ್ಜೆ ಹಿಂದೆ ಸರಿದಾಗ ಹೆಸರೂ ಹೋಗಿ, ಗಂಟಿನ ಸುತ್ತ ಒಳಕ್ಕೆ ಸೇದಿಕೊಂಡ ನಿರಿಗೆಗಳು ಮಾತ್ರ ಕಂಡವು. ಅವನು ಕಣ್ಣನ್ನು ಬೇರೆಡೆಗೆ ಹೊರಳಿಸಿದ.

ಮೊಳೆ ಹೊಡೆಯುತ್ತಿದ್ದ ಬಡಗಿಯನ್ನು ಕರೆದ. "ಇಲ್ಲಿ ಏನು ಬರೆದಿದೆ, ಓದಪ್ಪ."

ಬಡಗಿ ಬಾಯಲ್ಲಿದ್ದ ಮೊಳೆ ತೆಗೆದು ದಿಟ್ಟಿಸಿದ. "ನಂಗೆ ಓದೋಕೆ ಬರತ್ತೆ ಸಾರ್. ಆದ್ರೆ ಇದು ಅಕ್ಷರ ಅಲ್ಲ, ಇರುವೆ ಸಾಲು."

"ಸರಿಯಾಗಿ ನೋಡು."

"ಏನಿರ್ಬೇಕಿತ್ತು ಸಾರ್? ಹೇಳಿ, ಅದನ್ನೇ ಓದ್ತೀನಿ."

"ಈ ಫೋಟೋ ಇಳಿಸೋಕಾಗತ್ತಾ?"

"ಎಂಟು ಸ್ಕ್ರೂ ಕೂರಿಸಿದೀನಿ. ಗೋಡೆ ಬರತ್ತೆ, ಇದು ಬರಲ್ಲ."

ಸಂಜೆಗೆ ಸಭಾಂಗಣ ತುಂಬಿತು. ಅಕ್ಕ ಬಂದವಳು ಬೇರೆ ಯಾವುದನ್ನೂ ನೋಡದೆ ಬಾಗಿಲ ಪಕ್ಕದ ಆ ಫೋಟೋದ ಮುಂದೆಯೇ ನಿಂತಳು. ಬಹಳ ಹೊತ್ತು ನಿಂತಳು. ಅವನು ಅವಳ ಬೆನ್ನನ್ನು ನೋಡುತ್ತಿದ್ದ. ಕೂತಲ್ಲೇ ತೂಕಡಿಸುವಾಗ ಅಮ್ಮನ ಬೆನ್ನೂ ಹೀಗೆಯೇ ಒಂದು ಕಡೆಗೆ ವಾಲುತ್ತಿತ್ತು.

"ಎಂಥದೋ ಇದು? ಬಾಯಿ ಥರ ಇದೆ."

ವೇದಿಕೆಯಿಂದ ಕೇಳುವ ಬದಲು ಅಕ್ಕ ತನ್ನಿಂದಲೇ ಕೇಳಲಿ. ಅವನು ಹತ್ತಿರ ಹೋದ. "ಅಕ್ಕ, ಆ ಕವರು..."

"ಹ್ಞಾ?"

ಮೈಕು ಗಂಟಲು ಕೆರೆಯಿತು. "ಈ ಕವರನ್ನ ಎಸೆದ ಮಹಾಶಯರು, ಹ್ಞೂಂ, ಈ ಸಭೇಲೇ ಇದ್ದಾರೆ. ತಾವಾಗೇ ಮೇಲೆ ಬಂದ್ರೆ ಒಳ್ಳೇದು."

ಕಾಲುಗಳು ಅವನನ್ನು ಕೇಳಲಿಲ್ಲ. ಸಾಲು ಕುರ್ಚಿಗಳ ನಡುವೆ ನಡೆದವು, ಮೂರು ಮೆಟ್ಟಿಲು ಹತ್ತಿದವು. ತಲೆಯೆತ್ತಿದರೆ ಮೈಕಿನ ಮುಂದಿದ್ದವನು ಆರೋಗ್ಯಾಧಿಕಾರಿಯಲ್ಲ. ಅಧಿಕಾರಿ ಮುಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದ. ಮೈಕು ಹಿಡಿದವನು ಅವನ ಕಾಲೇಜಿನವನೇ, ರಸಾಯನಶಾಸ್ತ್ರದವನು. ಪ್ರಾಂಶುಪಾಲರಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ ಯಾರ ಧ್ವನಿ ಬೇಕಾದರೂ ತೆಗೆಯುತ್ತಿದ್ದ ಕಾರಣ ಎಲ್ಲರೂ ಅವನನ್ನು ಗಿಳಿ ಎನ್ನುತ್ತಿದ್ದರು.

"ಬೆಳಿಗ್ಗೆ ಫೋನ್ ಮಾಡಿದ್ದೂ ನಾನೇ ಸ್ವಾಮಿ!" ಗಿಳಿ ಈಗ ಸ್ವಂತ ಧ್ವನಿಯಲ್ಲಿ ಕೂಗಿದ. "ಹೆಸರೂ ಇಲ್ಲ, ಗಿಸರೂ ಇಲ್ಲ. ಆ ಚೀಟೀನ ಬರೆದವನೇ ಬಂದ್ರೂ ಓದೋಕಾಗಲ್ಲ! ನೋಡಿ ನಮ್ಮ ಮೇಷ್ಟ್ರನ್ನ, ಕಳ್ಳನ್ನ ಹಿಡಿಯೋ ಆತುರದಲ್ಲಿ ತಾವೇ ಹತ್ತಿಬಿಟ್ರು!"

ಸಭೆ ನಗತೊಡಗಿತು. ಈಗ ಇಳಿದುಬಿಡಬಹುದಿತ್ತು. ಅವನು ಗಿಳಿಯ ಕೈಯಿಂದ ಮೈಕು ತೆಗೆದುಕೊಂಡ.

"ಎಸೆದಿದ್ದು ನಾನೇ."

ಹಿಂದಿನ ಸಾಲಿನವರು ಕತ್ತು ಚಾಚಿದರು. ಆಮೇಲೆ ನಗು ಕುರ್ಚಿಗಳನ್ನು ಅಲ್ಲಾಡಿಸಿತು.

"ನಿಜವಾಗ್ಲೂ. ನಾನೇ."

ನಗು ದುಪ್ಪಟ್ಟಾಯಿತು. ಆರೋಗ್ಯಾಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಹ್ಞೂಂ, ಇದಪ್ಪ ಸಂದೇಶ! ನಾವೆಲ್ಲರೂ ಎಸೆದವರೇ! ಊರಿನ ತಪ್ಪನ್ನೆಲ್ಲ ತಮ್ಮ ತಲೆ ಮೇಲೆ ಹೊತ್ಕೊಂಡ್ರಲ್ಲ ಮೇಷ್ಟ್ರು!" ಜನ ಎದ್ದರು. ಬಾಗಿಲ ಹತ್ತಿರ, ಬಾಗಿಲಷ್ಟೇ ದೊಡ್ಡ ಆ ಬಾಯಿಯ ಮುಂದೆ, ಅಕ್ಕನೂ ನಗುತ್ತಿದ್ದಳು. ತಮ್ಮನ ಜಾಣತನಕ್ಕೆ ಹೆಮ್ಮೆಯಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಅವನಿಗೂ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಎಲ್ಲರಿಗಿಂತ ಜೋರಾಗಿ ನಕ್ಕ. ಮೊದಲ ಸಾಲು ನಿಲ್ಲಿಸಿತು, ಕೊನೆಯ ಸಾಲೂ ನಿಲ್ಲಿಸಿತು; ಅವನು ನಗುತ್ತಲೇ ಇದ್ದ. ಗಿಳಿ ತಲೆ ಒಂದು ಕಡೆಗೆ ವಾಲಿಸಿ, ಕಸುಬುದಾರನ ಕಿವಿಯಿಂದ ಆ ನಗುವನ್ನು ಆಲಿಸಿದ. ಆಮೇಲೆ ಮೈಕು ಕಿತ್ತುಕೊಂಡು ಅದನ್ನೇ ತನ್ನ ಗಂಟಲಲ್ಲಿ ತೆಗೆದ. ಅದೇ ಸೀಳು, ಅದೇ ಉಬ್ಬಸ, ಕೊನೆಗೆ ಅದೇ ಬಿಕ್ಕು. ಜನ ಹುಚ್ಚೆದ್ದರು.

ಅವನು ಬಾಯಿ ಮುಚ್ಚಿದ. ಹಲ್ಲಿನ ಮೇಲೆ ಹಲ್ಲು ಒತ್ತಿ ಹಿಡಿದ. ಗಿಳಿ ತೆಗೆದ ಅವನ ನಗು ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಬರುತ್ತಲೇ ಇತ್ತು. ಅಕ್ಕ ಗೋಡೆಯ ಮೇಲಿನ ಸ್ಪೀಕರಿನ ಕಡೆ ಮುಖವೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು.